ಉಕ್ಕಿನ ಮೇಲಿನ ಸಾಕ್ಷ್ಯ: ಯುದ್ಧಕಾಲದ ಪಿಸ್ತೂಲನ್ನು ಓದುವ ಬಗೆ

ಪೋಲೆಂಡಿನ ರಾಜಧಾನಿ ವಾರ್ಸಾದಿಂದ ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ರಾಡೋಮ್ ಎಂಬ ಪಟ್ಟಣವಿದೆ. ಅಲ್ಲಿನ ಆಯುಧ ಕಾರ್ಖಾನೆಯಲ್ಲಿ ತಯಾರಾದ ‘ವಿಸ್’ ಎಂಬ ಪಿಸ್ತೂಲಿಗೆ ಸಂಗ್ರಾಹಕರ ನಡುವೆ ವಿಶೇಷ ಮರ್ಯಾದೆಯಿದೆ. 1939ರಲ್ಲಿ ತಯಾರಾದ ಒಂದು ವಿಸ್ ಮತ್ತು ಯುದ್ಧದ ಕೊನೆಯ ಹೊತ್ತಿಗೆ ತಯಾರಾದ ಇನ್ನೊಂದು ವಿಸ್ ಪಕ್ಕಪಕ್ಕದಲ್ಲಿದ್ದರೆ, ಎರಡೂ ಒಂದೇ ಕಾರ್ಖಾನೆಯವು ಎಂದು ನಂಬಲು ಕಷ್ಟವಾಗುತ್ತದೆ. ಮೊದಲನೆಯದರ ಮೈ ನುಣ್ಣಗೆ ಹೊಳೆಯುತ್ತದೆ. ಸ್ಲೈಡಿನ ಎಡಬದಿಯಲ್ಲಿ ಕಿರೀಟ ತೊಟ್ಟ ಪೋಲಿಷ್ ಹದ್ದು, ಜೊತೆಗೆ ತಯಾರಾದ ಇಸವಿ. ಎರಡನೆಯದರಲ್ಲಿ ಹದ್ದೂ ಇಲ್ಲ, ಇಸವಿಯೂ ಇಲ್ಲ. ಜರ್ಮನ್ ಸೇನೆಯ ತಪಾಸಣಾ ಮುದ್ರೆಗಳಿವೆ. ಯಂತ್ರ ಕೊರೆದ ಗೀರುಗಳನ್ನು ಯಾರೂ ತಿಕ್ಕಿ ಅಳಿಸಿಲ್ಲ. ಫ್ರೇಮಿನ ಮೇಲಿದ್ದ ಒಂದು ಸನ್ನೆಕೋಲನ್ನೇ ಕೈಬಿಟ್ಟಿದ್ದಾರೆ. ಹಿಡಿಗೆ ಸಾಮಾನ್ಯ ಮರದ ಹಲಗೆ ಹಾಕಿದ್ದಾರೆ.

ಆ ಎರಡು ಪಿಸ್ತೂಲುಗಳ ನಡುವೆ ಒಂದು ದೇಶ ಸ್ವಾತಂತ್ರ್ಯ ಕಳೆದುಕೊಂಡ ಕಾಲವಿದೆ. 1939ರ ಸೆಪ್ಟೆಂಬರಿನಲ್ಲಿ ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು. ಅಲ್ಲಿಯವರೆಗೆ ಪೋಲಿಷ್ ಸೇನೆಗಾಗಿ ತಯಾರಾಗಿದ್ದ ವಿಸ್‌ಗಳು ಸುಮಾರು 50,000. ಆಮೇಲೆ ಕಾರ್ಖಾನೆ ಆಸ್ಟ್ರಿಯಾದ ಸ್ಟೈರ್ ಕಂಪನಿಯ ಉಸ್ತುವಾರಿಗೆ ಹೋಯಿತು. ಅದೇ ಯಂತ್ರಗಳ ಮುಂದೆ ನಿಂತು ಪೋಲಿಷ್ ಕಾರ್ಮಿಕರೇ ಜರ್ಮನ್ ಸೇನೆಗೆ ಮೂರು ಲಕ್ಷಕ್ಕೂ ಹೆಚ್ಚು ಪಿಸ್ತೂಲು ಮಾಡಿಕೊಡಬೇಕಾಯಿತು. ಪೂರ್ಣ ಪಿಸ್ತೂಲು ಭೂಗತ ಹೋರಾಟಗಾರರ ಕೈಸೇರಬಾರದೆಂದು ನಳಿಗೆ ಜೋಡಿಸುವ ಕೆಲಸವನ್ನು ಜರ್ಮನ್ನರು ರಾಡೋಮಿನಲ್ಲಿ ಇಡದೆ ಆಸ್ಟ್ರಿಯಾಕ್ಕೆ ಸಾಗಿಸಿದರು. ಆದರೂ ಕಾರ್ಮಿಕರು ಬಿಡಿಭಾಗಗಳನ್ನು ಗುಟ್ಟಾಗಿ ಹೊರಗೆ ಸಾಗಿಸಿದರು. ಅದು ಬಯಲಾದಾಗ, 1942ರ ಅಕ್ಟೋಬರಿನಲ್ಲಿ, ಕಾರ್ಖಾನೆಯವರೂ ಸೇರಿದಂತೆ ಹಲವರನ್ನು ಸಾರ್ವಜನಿಕವಾಗಿ ಗಲ್ಲಿಗೇರಿಸಲಾಯಿತು.

ಯುದ್ಧಕಾಲದ ಅಸಲಿ ಪಿಸ್ತೂಲುಗಳನ್ನು ಸಂಗ್ರಹಿಸುವವರು ಯಾಕೆ ಒಂದು ಚಿಕ್ಕ ಮುದ್ರೆಯನ್ನು ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ನೋಡುತ್ತಾರೆ ಎನ್ನುವುದಕ್ಕೆ ಉತ್ತರ ಇಲ್ಲಿದೆ. ಹದ್ದು ಇದೆಯೇ ಇಲ್ಲವೇ ಎಂಬ ಒಂದೇ ಗುರುತಿನಿಂದ ಆ ಪಿಸ್ತೂಲು ಸ್ವತಂತ್ರ ದೇಶದ್ದೋ ಆಕ್ರಮಿತ ದೇಶದ್ದೋ ತಿಳಿಯುತ್ತದೆ. ನಮ್ಮ ಶಾಸನತಜ್ಞರು ಒಂದು ತಾಮ್ರಪಟ ಸಿಕ್ಕರೆ ಅದರಲ್ಲಿ ಬರೆದದ್ದನ್ನು ಕೂಡಲೇ ನಂಬುವುದಿಲ್ಲ. ಅಕ್ಷರದ ರೂಪ ಆ ಕಾಲದ್ದೇ, ಮುದ್ರೆ ಆ ಅರಸರದ್ದೇ, ತೇದಿ ಹೊಂದುತ್ತದೆಯೇ ಎಂದು ನೋಡಿ, ಹೊಂದದಿದ್ದರೆ ಅದನ್ನು ಕೂಟ ಶಾಸನವೆಂದು ಪಕ್ಕಕ್ಕಿಡುತ್ತಾರೆ. ಗಂಗರ ತಾಮ್ರಪಟಗಳ ಅಸಲಿತನದ ಬಗ್ಗೆ ಶಾಸನತಜ್ಞರಾದ ಫ್ಲೀಟ್ ಮತ್ತು ಬಿ.ಎಲ್. ರೈಸ್ ನಡುವೆ ನಡೆದ ವಾದ ಈ ಬಗೆಯದೇ. ಪಿಸ್ತೂಲಿನ ಮೌಲ್ಯಮಾಪನದ ಶಿಸ್ತೂ ಅದೇ. ಉಕ್ಕಿನ ಮೇಲಿರುವುದು ಸಾಕ್ಷ್ಯ. ಅದನ್ನು ತಿದ್ದದೆ ಓದುವುದು, ತಿದ್ದದೆ ಮುಂದಿನವರಿಗೆ ದಾಟಿಸುವುದು ಸಂಗ್ರಾಹಕನ ಕೆಲಸ. ಉಳಿದೆಲ್ಲ ವ್ಯಾಪಾರ.

ಇಸವಿ ಹೊತ್ತ ಲ್ಯೂಗರ್

ಈ ಓದನ್ನು ಕಲಿಯುವವರು ಹೆಚ್ಚಾಗಿ ಲ್ಯೂಗರ್ ಪಿಸ್ತೂಲಿನಿಂದ ಶುರುಮಾಡುತ್ತಾರೆ. ಹ್ಯೂಗೋ ಬೋರ್ಶಾರ್ಟ್ 1893ರಲ್ಲಿ ರೂಪಿಸಿದ ದೊಡ್ಡ, ಹೊರಲು ಕಷ್ಟವಾದ ಪಿಸ್ತೂಲನ್ನು ಆಸ್ಟ್ರಿಯಾದಲ್ಲಿ ಹುಟ್ಟಿದ ಗಿಯೋರ್ಗ್ ಲ್ಯೂಗರ್ ತಿದ್ದಿ ಚಿಕ್ಕದಾಗಿಸಿದ. ಗುಂಡು ಹಾರಿದೊಡನೆ ಹಿಂಭಾಗದ ಕೀಲು ಮೇಲಕ್ಕೆ ಮಡಚಿಕೊಂಡು ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ. ಆ ಕೀಲಿನ ಆಕಾರದಿಂದಾಗಿ ದೂರದಿಂದಲೇ ಈ ಪಿಸ್ತೂಲನ್ನು ಗುರುತಿಸಬಹುದು. 1900ರಲ್ಲಿ ಸ್ವಿಟ್ಜರ್‌ಲೆಂಡಿನ ಸೇನೆ, 1904ರಲ್ಲಿ ಜರ್ಮನ್ ನೌಕಾದಳ, 1908ರಲ್ಲಿ ಜರ್ಮನ್ ಭೂಸೇನೆ ಇದನ್ನು ಒಪ್ಪಿಕೊಂಡವು. ಭೂಸೇನೆಯ ಮಾದರಿಗೆ ಪಿ.08 ಎಂಬ ಹೆಸರು ಬಂತು. ಅದರ ನಳಿಗೆ 100 ಮಿಲಿಮೀಟರ್ ಉದ್ದ. ಮ್ಯಾಗಜಿನ್‌ನಲ್ಲಿ 8 ಗುಂಡು. ಲ್ಯೂಗರ್‌ಗಾಗಿ ರೂಪುಗೊಂಡ 9 ಮಿ.ಮೀ. ಪ್ಯಾರಾಬೆಲಂ ಗುಂಡು ಇಂದಿಗೂ ಜಗತ್ತಿನ ಸೇನೆ, ಪೊಲೀಸ್ ಪಡೆಗಳಲ್ಲಿ ಬಳಕೆಯಲ್ಲಿದೆ.

ಸೇನೆಗೆ ತಯಾರಾದ ಲ್ಯೂಗರ್‌ನ ಗುಂಡುಗೂಡಿನ ಮೇಲ್ಭಾಗದಲ್ಲಿ 1910ರ ಸುಮಾರಿನಿಂದ ಇಸವಿಯನ್ನೇ ಒತ್ತುತ್ತಿದ್ದರು. ಕೀಲಿನ ಮೇಲೆ ತಯಾರಕರ ಗುರುತು. ಬರ್ಲಿನ್ನಿನ ಡಿಡಬ್ಲ್ಯೂಎಂ ಕಂಪನಿಯದಾದರೆ ಒಂದರೊಳಗೊಂದು ಹೆಣೆದ ಮೂರು ಅಕ್ಷರ, ಸರ್ಕಾರಿ ಆಯುಧಾಗಾರದ್ದಾದರೆ ಕಿರೀಟ ಮತ್ತು ಎರ್ಫುರ್ಟ್ ಎಂಬ ಊರಿನ ಹೆಸರು. ಕೆಲವು ಪಿಸ್ತೂಲುಗಳಲ್ಲಿ ಎರಡು ಇಸವಿ ಕಾಣುತ್ತವೆ: ತಯಾರಾದ ವರ್ಷದ ಜೊತೆಗೆ 1920. ಮೊದಲ ಮಹಾಯುದ್ಧ ಮುಗಿದು ಜರ್ಮನಿಯನ್ನು ನಿಶ್ಶಸ್ತ್ರಗೊಳಿಸುವಾಗ, ಜನರ ಕೈಸೇರಿದ್ದ ಆಯುಧಗಳಿಂದ ಸರ್ಕಾರದ ಆಯುಧಗಳನ್ನು ಬೇರ್ಪಡಿಸಿ ಗುರುತಿಸಲು ಒತ್ತಿದ ಮುದ್ರೆ ಅದು. ಹೊಸಬರು ಎರಡು ಇಸವಿ ಕಂಡು ಯಾರೋ ತಿದ್ದಿದ್ದಾರೆಂದು ಅನುಮಾನಿಸುವುದುಂಟು. ಚರಿತ್ರೆ ಗೊತ್ತಿದ್ದವರಿಗೆ ಎರಡನೆಯ ಇಸವಿಯಲ್ಲಿ ವರ್ಸಾಯ್ ಒಪ್ಪಂದದ ನೆರಳು ಕಾಣುತ್ತದೆ.

1920ರ ದಶಕದಲ್ಲಿ ಜರ್ಮನ್ ಸೇನೆಗೆ ಲ್ಯೂಗರ್ ಒದಗಿಸಿದ್ದು ಸೂಲ್ ಪಟ್ಟಣದ ಸಿಮ್ಸನ್ ಕಂಪನಿ. ಅದು ಯಹೂದಿ ಕುಟುಂಬದ ಉದ್ದಿಮೆ. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಆ ಕುಟುಂಬದಿಂದ ಕಾರ್ಖಾನೆಯನ್ನು ಕಿತ್ತುಕೊಳ್ಳಲಾಯಿತು. ಮನೆಯವರು ದೇಶ ಬಿಟ್ಟು ಹೋಗಬೇಕಾಯಿತು. ಕೀಲಿನ ಮೇಲೆ ಸಿಮ್ಸನ್ ಹೆಸರಿರುವ ಲ್ಯೂಗರ್ ವಿರಳ, ಆದ್ದರಿಂದ ಬೆಲೆಯೂ ಹೆಚ್ಚು. ಅದನ್ನು ಕೊಳ್ಳುವವನಿಗೆ ಆ ಹೆಸರು ಯಾಕೆ ಅಳಿಯಿತು ಎಂಬುದೂ ತಿಳಿದಿರಬೇಕು.

1930ರಲ್ಲಿ ಲ್ಯೂಗರ್ ತಯಾರಿಕೆ ಓಬರ್ನ್‌ಡೋರ್ಫ್‌ನ ಮೌಸರ್ ಕಂಪನಿಗೆ ಬಂತು. ವರ್ಸಾಯ್ ಒಪ್ಪಂದ ಮೀರಿ ಆಯುಧ ಮಾಡುತ್ತಿದ್ದುದನ್ನು ಮರೆಮಾಡಲು ಕಂಪನಿಯ ಹೆಸರಿನ ಬದಲು ಎಸ್/42 ಎಂಬ ಸಂಕೇತ ಒತ್ತಿದರು. 1934ಕ್ಕೆ ‘ಕೆ’, 1935ಕ್ಕೆ ‘ಜಿ’ ಎಂದು ಇಸವಿಯನ್ನೂ ಅಕ್ಷರದಲ್ಲಿ ಮುಚ್ಚಿದರು. 1935ರ ಮಾರ್ಚಿನಲ್ಲಿ ಹಿಟ್ಲರ್ ಒಪ್ಪಂದವನ್ನು ಬಹಿರಂಗವಾಗಿಯೇ ಧಿಕ್ಕರಿಸಿದ. 1936ರಿಂದ ಪಿಸ್ತೂಲಿನ ಮೇಲೆ ಪೂರ್ಣ ಇಸವಿ ಮತ್ತೆ ಕಾಣಿಸಿಕೊಂಡಿತು. ಆಮೇಲೆ ಬರೀ 42 ಎಂಬ ಸಂಖ್ಯೆ, 1941ರಿಂದ ‘ಬಿವೈಎಫ್’ ಎಂಬ ಮೂರಕ್ಷರ. 1942ರಲ್ಲಿ ಸೇನೆಗೆ ಲ್ಯೂಗರ್ ತಯಾರಿಕೆ ನಿಂತಿತು. ಗುಂಡುಗೂಡು ಮತ್ತು ಕೀಲಿನ ಮೇಲಿನ ಆ ಒಂದೆರಡು ಅಂಗುಲ ಜಾಗದಲ್ಲಿ ಜರ್ಮನಿಯ ಮೂವತ್ತು ವರ್ಷದ ರಾಜಕೀಯ ದಾಖಲಾಗಿದೆ.

ನಂಬರಿನ ಲೆಕ್ಕ

ಲ್ಯೂಗರ್ ಮಾರುವವರು ಮೊದಲು ಹೇಳುವ ಮಾತು “ಎಲ್ಲ ನಂಬರೂ ಹೊಂದುತ್ತವೆ” ಎಂಬುದು. ಸೇನೆಯ ಲ್ಯೂಗರ್‌ಗಳ ಪೂರ್ಣ ಸರಣಿ ಸಂಖ್ಯೆ ಫ್ರೇಮ್, ನಳಿಗೆಯಂಥ ಮುಖ್ಯ ಭಾಗಗಳ ಮೇಲಿರುತ್ತದೆ. ಸಣ್ಣ ಭಾಗಗಳ ಮೇಲೆ ಅದರ ಕೊನೆಯ ಎರಡು ಅಂಕಿ ಮಾತ್ರ. ಆ ಕಾಲದಲ್ಲಿ ಭಾಗಗಳನ್ನು ಒಂದಕ್ಕೊಂದು ಹೊಂದುವಂತೆ ಕೈಯಿಂದಲೇ ಅರ ಹಾಕಿ ಕೂರಿಸುತ್ತಿದ್ದರು. ಹತ್ತಾರು ಪಿಸ್ತೂಲು ಒಟ್ಟಿಗೆ ಬಿಚ್ಚಿ ತೊಳೆದಾಗ ಒಂದರ ಭಾಗ ಇನ್ನೊಂದಕ್ಕೆ ಹೋಗಬಾರದೆಂದು ಈ ಅಂಕಿ. ಸಂಖ್ಯೆ ನಾಲ್ಕಂಕಿ ತುಂಬಿ ಮುಗಿದ ಮೇಲೆ ಮತ್ತೆ ಒಂದರಿಂದ ಶುರುವಾಗಿ, ಕೆಳಗೆ ಎ, ಬಿ, ಸಿ ಎಂದು ಸಣ್ಣ ಅಕ್ಷರ ಸೇರುತ್ತದೆ. ಮುಂದಿನ ವರ್ಷ ಎಲ್ಲವೂ ಹೊಸದಾಗಿ ಆರಂಭ. ಹಾಗಾಗಿ ಅಂಕಿ, ಅಕ್ಷರ, ಇಸವಿ ಮೂರೂ ಸೇರಿದರೆ ಮಾತ್ರ ಪಿಸ್ತೂಲಿನ ಗುರುತು ಪೂರ್ಣ.

ಪ್ರತಿ ಪಿಸ್ತೂಲಿಗೆ ಎರಡು ಮ್ಯಾಗಜಿನ್ ಕೊಡುತ್ತಿದ್ದರು. ಎರಡರ ತಳದಲ್ಲೂ ಪಿಸ್ತೂಲಿನದೇ ಸಂಖ್ಯೆ. ಎರಡನೆಯದಕ್ಕೆ ಒಂದು ಕೂಡುವ ಚಿಹ್ನೆ ಹೆಚ್ಚು. ರಣರಂಗದಲ್ಲಿ ಮೊದಲು ಕಳೆಯುವುದೇ ಮ್ಯಾಗಜಿನ್. ಹಾಗಾಗಿ ಹೊಂದುವ ಮ್ಯಾಗಜಿನ್ ಸಹಿತ ಸಿಕ್ಕ ಲ್ಯೂಗರ್‌ಗೆ ಬೆಲೆ ಏರುತ್ತದೆ, ಎರಡೂ ಸಿಕ್ಕರೆ ಇನ್ನೂ ಏರುತ್ತದೆ.

ಬೆಲೆ ಏರುವಲ್ಲಿ ಮೋಸವೂ ಬರುತ್ತದೆ. ಹಳೆಯ ಅಂಕಿ ಅರೆದು ಹೊಸದು ಒತ್ತಿ “ಹೊಂದಿಸಿದ” ಪಿಸ್ತೂಲುಗಳು ಪೇಟೆಯಲ್ಲಿವೆ. ಆದ್ದರಿಂದ ಅಂಕಿ ಹೊಂದುತ್ತದೆಯೇ ಎಂದು ನೋಡಿದರೆ ಸಾಲದು, ಅಂಕಿಯ ಅಚ್ಚು ಆ ಕಾರ್ಖಾನೆಯದೇ ಎಂದು ನೋಡಬೇಕು. ನಾಲ್ಕರ ಮೊನೆ ತೆರೆದಿದೆಯೇ ಮುಚ್ಚಿದೆಯೇ, ಒಂದಕ್ಕೆ ಪಾದವಿದೆಯೇ, ಅಂಕಿಗಳ ನಡುವಿನ ಅಂತರ ಎಷ್ಟು, ಒತ್ತಿದ ಆಳ ಸಮವಾಗಿದೆಯೇ ಎಂಬುದನ್ನು ಅದೇ ವರ್ಷದ, ಅದೇ ಅಕ್ಷರದ ಅಸಲಿ ಪಿಸ್ತೂಲುಗಳ ಚಿತ್ರಗಳ ಜೊತೆ ಇಟ್ಟು ಹೋಲಿಸುತ್ತಾರೆ. ಅಂಕಿಯ ಸುತ್ತ ಲೋಹ ಸ್ವಲ್ಪ ತಗ್ಗಾಗಿದ್ದರೆ ಅಲ್ಲಿ ಅರ ಆಡಿದೆ ಎಂದು ಅರ್ಥ.

ಬಣ್ಣ ಮೊದಲು ಮಾತಾಡುತ್ತದೆ

ಬಲ್ಲವರ ಕೈಗೆ ಪಿಸ್ತೂಲು ಕೊಟ್ಟರೆ ಅವರು ಕಿಟಕಿಯ ಹತ್ತಿರ ಹೋಗುತ್ತಾರೆ. ಹಗಲ ಬೆಳಕಿನಲ್ಲಿ ಮೈಬಣ್ಣ ನೋಡುವುದು ಮೊದಲ ಕೆಲಸ. ಉಕ್ಕು ತುಕ್ಕು ಹಿಡಿಯದಿರಲೆಂದು ಅದರ ಮೇಲ್ಪದರಕ್ಕೆ ಕೊಡುವ ಕಪ್ಪು-ನೀಲಿ ಬಣ್ಣಕ್ಕೆ ಬ್ಲೂಯಿಂಗ್ ಎನ್ನುತ್ತಾರೆ. ಹಳೆಯ ಪದ್ಧತಿಯಲ್ಲಿ ಉಕ್ಕಿಗೆ ಹದವಾಗಿ ತುಕ್ಕು ಬರಿಸಿ, ಉಜ್ಜಿ, ಮತ್ತೆ ಬರಿಸಿ ಬಣ್ಣ ಕೂರಿಸುತ್ತಿದ್ದರು. ಟ್ರಿಗರ್, ಸುರಕ್ಷಾ ಸನ್ನೆಯಂಥ ಲ್ಯೂಗರ್‌ನ ಸಣ್ಣ ಭಾಗಗಳನ್ನು ಹದವಾಗಿ ಕಾಯಿಸಿ ಹೊಂಬಣ್ಣಕ್ಕೆ ತರುತ್ತಿದ್ದರು. 1937ರ ವೇಳೆಗೆ ಮೌಸರ್ ಬೇಗ ಮುಗಿಯುವ ಬಿಸಿ ಲವಣದ ದ್ರಾವಣಕ್ಕೆ ಬದಲಾಯಿತು. ಹೊಂಬಣ್ಣದ ಭಾಗಗಳೂ ಕಪ್ಪಾದವು. ಈ ಬದಲಾವಣೆ ತಿಳಿದಿದ್ದರೆ 1917ರ ಪಿಸ್ತೂಲಿನ ಟ್ರಿಗರ್ ಕಪ್ಪಗಿದ್ದಾಗ ಅನುಮಾನ ಹುಟ್ಟುತ್ತದೆ. 1941ರ ಪಿಸ್ತೂಲಿನ ಟ್ರಿಗರ್ ಹೊಂಬಣ್ಣದ್ದಾದಾಗಲೂ ಅಷ್ಟೇ ಅನುಮಾನ ಹುಟ್ಟಬೇಕು.

ಹಳೆಯ ಬಣ್ಣ ಸವೆಯುವುದಕ್ಕೂ ಒಂದು ಕ್ರಮವಿದೆ. ಚರ್ಮದ ಚೀಲಕ್ಕೆ ಹಾಕಿ ತೆಗೆಯುವಾಗ ನಳಿಗೆಯ ತುದಿ, ಅಂಚುಗಳು ಮೊದಲು ಬೆಳ್ಳಗಾಗುತ್ತವೆ. ಹಿಡಿಯ ಹಿಂಬದಿ ಅಂಗೈಯ ಬೆವರಿಗೆ ಕಂದಾಗುತ್ತದೆ. ಮೂಲೆ, ಸಂದುಗಳಲ್ಲಿ ಬಣ್ಣ ಗಟ್ಟಿಯಾಗಿ ಉಳಿಯುತ್ತದೆ. ಸವೆಯಬೇಕಾದ ಕಡೆಯೂ ಸವೆಯದೆ, ಎಲ್ಲೆಡೆ ಒಂದೇ ಬಣ್ಣವಿದ್ದರೆ ಪ್ರಶ್ನೆ ಕೇಳಬೇಕು. ಮತ್ತೆ ಬಣ್ಣ ಹಾಕುವ ಮೊದಲು ಮೈಯನ್ನು ತಿಕ್ಕುತ್ತಾರೆ. ತಿಕ್ಕಿದಾಗ ಚೂಪು ಅಂಚು ಮೊಂಡಾಗುತ್ತದೆ, ತಿರುಪಿನ ತೂತುಗಳ ಬಾಯಿ ಒಳಕ್ಕೆ ಜಾರುತ್ತದೆ, ಅಕ್ಷರಗಳ ಅಂಚು ಮಂಕಾಗುತ್ತದೆ. ತುಕ್ಕು ತಿಂದ ಗುಳಿಗಳ ಒಳಗೂ ಹೊಸ ಬಣ್ಣ ಇಳಿದಿದ್ದರೆ, ತುಕ್ಕು ಮೊದಲು ಬಂತು, ಬಣ್ಣ ಆಮೇಲೆ ಬಂತು ಎಂಬುದು ಖಚಿತ.

ಸಂಗ್ರಾಹಕರ ಲೋಕದಲ್ಲಿ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಅಜ್ಜನ ಪಿಸ್ತೂಲು ಚೆನ್ನಾಗಿ ಕಾಣಲೆಂದು ಪ್ರೀತಿಯಿಂದಲೇ ಪಾಲಿಷ್ ಮಾಡಿಸಿ ಬಣ್ಣ ಹಾಕಿಸಿದ ಕುಟುಂಬಗಳು ಅಮೆರಿಕದಲ್ಲಿ ಸಾವಿರಾರು. ಹಾಗೆ ಮಾಡಿಸಿದ ಕ್ಷಣದಲ್ಲಿ ಬೆಲೆಯ ದೊಡ್ಡ ಪಾಲು ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಪಿಸ್ತೂಲು ಯಾರ ಕೈಯಲ್ಲಿ ಹೇಗೆ ಸವೆದಿತ್ತು ಎಂಬ ದಾಖಲೆ ಅಳಿಸಿಹೋಗುತ್ತದೆ. ಅದನ್ನು ಯಾವ ಕುಶಲಕರ್ಮಿಯೂ ಮರಳಿ ತರಲಾರ. ಸವೆದ ಅಸಲಿ ಮೈ ಹೊಳೆಯುವ ಹೊಸ ಮೈಗಿಂತ ಮೇಲು ಎನ್ನುವುದನ್ನು ಈ ಹವ್ಯಾಸಕ್ಕೆ ಬರುವವರು ಮೊದಲ ದಿನವೇ ಮನದಟ್ಟು ಮಾಡಿಕೊಳ್ಳಬೇಕು.

ಒರಟು ಮೈಯೂ ಅಸಲಿಯೇ

ಲ್ಯೂಗರ್ ಮಾಡಲು ಸಮಯವೂ ಹಣವೂ ಹೆಚ್ಚು ಬೇಕಿತ್ತು. ಅದರ ಜಾಗಕ್ಕೆ ಜರ್ಮನ್ ಸೇನೆ 1938ರಲ್ಲಿ ವಾಲ್ಥರ್ ಕಂಪನಿಯ ಪಿ.38 ಆರಿಸಿಕೊಂಡಿತು. ಇದನ್ನು ಮೂರು ಕಡೆ ತಯಾರಿಸಿದರು. ಜೆಲ್ಲಾ-ಮೆಹ್ಲಿಸ್‌ನ ವಾಲ್ಥರ್ ಪಿಸ್ತೂಲುಗಳ ಮೇಲೆ ‘ಎಸಿ’, ಮೌಸರ್‌ನವುಗಳ ಮೇಲೆ ‘ಬಿವೈಎಫ್’ ಮತ್ತು 1945ರಲ್ಲಿ ‘ಎಸ್‌ವಿಡಬ್ಲ್ಯೂ’, ಚೆಕ್ ಪ್ರದೇಶದ ಗ್ರೊಟ್ಟಾವ್‌ನಲ್ಲಿದ್ದ ಸ್ಪ್ರೀವೆರ್ಕ್‌ನವುಗಳ ಮೇಲೆ ‘ಸಿವೈಕ್ಯೂ’. ಸೇನೆಯ ತಪಾಸಣಾಧಿಕಾರಿಗಳ ಹದ್ದಿನ ಮುದ್ರೆಯ ಕೆಳಗಿನ ಸಂಖ್ಯೆಯೂ ಬೇರೆ ಬೇರೆ: ವಾಲ್ಥರ್‌ಗೆ 359, ಮೌಸರ್‌ಗೆ 135, ಸ್ಪ್ರೀವೆರ್ಕ್‌ಗೆ 88. ಸಂಕೇತ ಒಂದು ಕಾರ್ಖಾನೆಯದು, ಹದ್ದಿನ ಸಂಖ್ಯೆ ಇನ್ನೊಂದರದು ಎಂದಾದರೆ ಭಾಗ ಬದಲಾಗಿದೆಯೇ ಎಂದು ಹುಡುಕಬೇಕು.

ಯುದ್ಧ ಮುಂದುವರಿದಂತೆ ಪಿ.38ರ ಮೈ ಒರಟಾಗುತ್ತ ಹೋಯಿತು. ಮೊದಮೊದಲಿನ ವಾಲ್ಥರ್‌ಗಳಲ್ಲಿ ಹೊಳಪು ತುಂಬಿದೆ; 1944ರ ಹೊತ್ತಿಗೆ ಕೊರೆದ ಗೀರು ಹಾಗೇ ಉಳಿದಿದೆ. ಸ್ಪ್ರೀವೆರ್ಕ್‌ನ ಕೊನೆಕೊನೆಯ ಪಿಸ್ತೂಲುಗಳಲ್ಲಂತೂ ಒತ್ತುವ ಅಚ್ಚಿನ ‘ವೈ’ ಅಕ್ಷರದ ಬಾಲ ಮುರಿದುಹೋಗಿ ಅದು ‘ವಿ’ ಎಂದು ಕಾಣುತ್ತದೆ. ಅಚ್ಚು ಮುರಿದರೂ ಬದಲಾಯಿಸದೆ ಕೆಲಸ ನಡೆಸಿದ್ದಾರೆ. ಇಂಥ ಪಿಸ್ತೂಲನ್ನು ಯಾರಾದರೂ ನುಣುಪು ಮಾಡಿ “ಉತ್ತಮಗೊಳಿಸಿದರೆ” ಅವರು ಅಳಿಸುವುದು 1945ರ ಜರ್ಮನಿಯ ಅವಸರವನ್ನೇ. ಅಸಲಿ ಸ್ಥಿತಿ ಎಂದರೆ ಚೆಂದದ ಸ್ಥಿತಿ ಅಲ್ಲ, ಆ ತಿಂಗಳಲ್ಲಿ ಆ ಕಾರ್ಖಾನೆಯಿಂದ ಹೊರಬಂದ ಸ್ಥಿತಿ.

ಯುದ್ಧಕಾಲದ್ದು ಎಂಬ ಮಾತಿಗೂ ಗಡಿ ಎಳೆಯಬೇಕಾಗುತ್ತದೆ. 1945ರ ಏಪ್ರಿಲಿನಲ್ಲಿ ಫ್ರೆಂಚ್ ಪಡೆಗಳು ಓಬರ್ನ್‌ಡೋರ್ಫ್ ವಶಪಡಿಸಿಕೊಂಡವು. ಅಲ್ಲಿ ಉಳಿದಿದ್ದ ಭಾಗಗಳಿಂದ ತಮ್ಮ ಸೇನೆಗಾಗಿ 1946ರವರೆಗೆ ಪಿ.38 ಮಾಡಿಸಿಕೊಂಡವು. ಅವುಗಳ ಮೇಲೂ ‘ಎಸ್‌ವಿಡಬ್ಲ್ಯೂ’ ಇದೆ. ಬೂದು ಬಣ್ಣದ ಮೈ ಮತ್ತು ಫ್ರೆಂಚರ ನಕ್ಷತ್ರದ ಮುದ್ರೆ ನೋಡಿದರೆ ಮಾತ್ರ ಅದು ಬೇರೆ ಅಧ್ಯಾಯಕ್ಕೆ ಸೇರಿದ್ದೆಂದು ತಿಳಿಯುತ್ತದೆ.

ಅಮೆರಿಕದ .45, ಜಪಾನಿನ ನಂಬು

ಎಲ್ಲ ಪಿಸ್ತೂಲಿಗೂ ಒಂದೇ ಅಳತೆಗೋಲು ಸಲ್ಲದು. ಅಮೆರಿಕದ ಸೇನೆಯ .45 ಎಂ1911ಎ1 ಪಿಸ್ತೂಲಿನಲ್ಲಿ ಭಾಗಭಾಗಕ್ಕೂ ನಂಬರಿಲ್ಲ. ಯಾವ ಕಾರ್ಖಾನೆಯ ಭಾಗವಾದರೂ ಯಾವ ಪಿಸ್ತೂಲಿಗೂ ಕೂರಬೇಕು ಎನ್ನುವುದೇ ಅಲ್ಲಿನ ಸೂತ್ರ. ಯುದ್ಧಕಾಲದಲ್ಲಿ ಕೋಲ್ಟ್ ಜೊತೆಗೆ ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ್‍ಯಾಂಡ್, ಬೇಟೆಕೋವಿ ಮಾಡುತ್ತಿದ್ದ ಇಥಾಕಾ, ರೈಲ್ವೆ ಸಿಗ್ನಲ್ ಮಾಡುತ್ತಿದ್ದ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಕಂಪನಿಗಳೂ ಇದನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಸೇನೆಯ ದುರಸ್ತಿ ಕೇಂದ್ರಗಳು ಲಕ್ಷಾಂತರ ಪಿಸ್ತೂಲು ಬಿಚ್ಚಿ, ಭಾಗಗಳನ್ನು ಕಲಸಿ, ಮತ್ತೆ ಜೋಡಿಸಿದವು. ಹಾಗಾಗಿ ಕಾರ್ಖಾನೆಯಿಂದ ಬಂದಂತೆಯೇ ಉಳಿದ .45 ಸಿಗುವುದು ಕಷ್ಟ. ಫ್ರೇಮಿನ ಸಂಖ್ಯೆಗೆ ಸ್ಲೈಡಿನ ಹೆಸರು, ನಳಿಗೆಯ ಗುರುತು, ತಪಾಸಣಾಧಿಕಾರಿಯ ಹೆಸರಿನ ಮೊದಲಕ್ಷರಗಳು ಹೊಂದುತ್ತವೆಯೇ ಎಂದು ನೋಡಬೇಕು. ರೆಮಿಂಗ್ಟನ್ ರ್‍ಯಾಂಡ್ ಮತ್ತು ಇಥಾಕಾ ಪಿಸ್ತೂಲುಗಳಲ್ಲಿ ಫ್ರ್ಯಾಂಕ್ ಅಟ್‌ವುಡ್ ಅವರ ‘ಎಫ್‌ಜೆಎ’ ಇರಬೇಕು. ಕೋಲ್ಟ್‌ನಲ್ಲಿ ಗೈ ಡ್ರೂರಿ ಅವರ ‘ಜಿಎಚ್‌ಡಿ’.

ಇವೆಲ್ಲದರಲ್ಲಿ ಅತಿ ವಿರಳ ಸಿಂಗರ್ ಕಂಪನಿಯದು. ನಮ್ಮ ಊರೂರಿನ ದರ್ಜಿ ಅಂಗಡಿಗಳಲ್ಲಿ ಕಂಡ ಹೊಲಿಗೆ ಯಂತ್ರದ ಸಿಂಗರ್ರೇ ಇದು. ಯುದ್ಧ ಬಂದರೆ ಪಿಸ್ತೂಲು ಮಾಡಬಲ್ಲರೇ ಎಂದು ಪರೀಕ್ಷಿಸಲು ಅಮೆರಿಕ ಸರ್ಕಾರ ಕೊಟ್ಟ ಆದೇಶದ ಮೇರೆಗೆ ಸಿಂಗರ್ ಮಾಡಿದ್ದು 500 ಪಿಸ್ತೂಲು ಮಾತ್ರ. ಸಂಖ್ಯೆ ಎಸ್800001ರಿಂದ ಎಸ್800500. ಆಮೇಲೆ ಕಂಪನಿಯನ್ನು ವಿಮಾನ ನಿರೋಧಕ ಫಿರಂಗಿಗಳ ಗುರಿ ನಿರ್ದೇಶಕ ಉಪಕರಣಗಳಂಥ ಹೆಚ್ಚು ನಾಜೂಕಿನ ಕೆಲಸಕ್ಕೆ ಹಚ್ಚಿದರು. ಆ 500ರ ಸುತ್ತ ನಕಲಿಗಳೂ ಹುಟ್ಟಿಕೊಂಡಿವೆ. ವಿರಳ ವಸ್ತು ಎದುರಿಗೆ ಬಂದಾಗ ಅನುಮಾನ ಹೆಚ್ಚಿಸಿಕೊಳ್ಳಬೇಕು.

ಜಪಾನಿನ ಸೇನೆಯ ನಂಬು ಟೈಪ್ 14ರ ಮೇಲೆ ತೇದಿ ಚಕ್ರವರ್ತಿಯ ಆಳ್ವಿಕೆಯ ವರ್ಷದಲ್ಲಿರುತ್ತದೆ. ಶೋವಾ ಶಕದ ವರ್ಷಕ್ಕೆ 1925 ಕೂಡಿಸಿದರೆ ಇಸವಿ ಸಿಗುತ್ತದೆ. 18.3 ಎಂದಿದ್ದರೆ 1943ರ ಮಾರ್ಚ್. ಟ್ರಿಗರ್ ಸುತ್ತಲ ಕಾವಲು ಬಳೆ ಮೊದಲಿನ ಪಿಸ್ತೂಲುಗಳಲ್ಲಿ ಚಿಕ್ಕದು. ಮಂಚೂರಿಯಾದ ಚಳಿಯಲ್ಲಿ ಕೈಗವಸು ತೊಟ್ಟ ಬೆರಳು ಅದರೊಳಗೆ ಹೋಗದ ಕಾರಣ ಆಮೇಲೆ ಅದನ್ನು ಅಗಲಿಸಿದರು. ತೇದಿ ಮತ್ತು ಬಳೆಯ ಆಕಾರ ಒಂದಕ್ಕೊಂದು ಹೊಂದಬೇಕು. ಬರ್ಮಾದ ಅರಾಕಾನಿನಲ್ಲಿ ಜಪಾನೀಯರ ವಿರುದ್ಧ ಕಾದಿದ ಕೊಡಗಿನ ಕೆ.ಎಸ್. ತಿಮ್ಮಯ್ಯನವರ ಕಾಲದ ಕನ್ನಡ ಸೈನಿಕರು ಎದುರಾಳಿ ಅಧಿಕಾರಿಗಳ ಸೊಂಟದಲ್ಲಿ ಇಂಥ ಪಿಸ್ತೂಲುಗಳನ್ನು ಕಂಡಿರಬಹುದು.

ಕತೆ, ಕಾಗದ, ಕೂಟ ಮುದ್ರೆ

ಪಿಸ್ತೂಲು ಕೊಳ್ಳಿ, ಕತೆ ಕೊಳ್ಳಬೇಡಿ ಎಂಬುದು ಸಂಗ್ರಾಹಕರು ಹೊಸಬರಿಗೆ ಹೇಳುವ ಬುದ್ಧಿಮಾತು. ಇದು ದೊಡ್ಡ ಅಧಿಕಾರಿಯದು, ಇದು ವಿಮಾನಪಡೆಯ ಪ್ರಸಿದ್ಧ ಚಾಲಕನದು ಎಂಬ ಕತೆಗಳಿಗೆ ಆಧಾರವಿದ್ದರೆ ಬೆಲೆ ಹಲವು ಪಟ್ಟು ಏರುತ್ತದೆ. ಆಧಾರವಿಲ್ಲದಿದ್ದರೆ ಆ ಕತೆಗೆ ಒಂದು ಪೈಸೆಯೂ ಕೊಡಬಾರದು.

ಒಳ್ಳೆಯ ಆಧಾರವೆಂದರೆ ಕಾಗದ. ಎರಡನೆಯ ಮಹಾಯುದ್ಧದ ಕೊನೆಗೆ ಅಮೆರಿಕದ ಸೈನಿಕರು ಶತ್ರುಗಳಿಂದ ವಶಪಡಿಸಿಕೊಂಡ ಪಿಸ್ತೂಲನ್ನು ಊರಿಗೆ ಒಯ್ಯಲು ಮೇಲಧಿಕಾರಿ ಸಹಿ ಮಾಡಿದ ಪ್ರಮಾಣಪತ್ರ ಪಡೆಯಬೇಕಿತ್ತು. ಅದರಲ್ಲಿ ಪಿಸ್ತೂಲಿನ ಸಂಖ್ಯೆಯನ್ನೂ ಬರೆದಿದ್ದರೆ, ಆ ಪತ್ರ ಪಿಸ್ತೂಲಿನೊಂದಿಗೆ ಉಳಿದುಬಂದಿದ್ದರೆ, ಸಾಗಿಬಂದ ದಾರಿ ಸ್ಪಷ್ಟವಾಗುತ್ತದೆ. ಪಿಸ್ತೂಲು ಮಾರಿ ಪತ್ರವನ್ನು ಎಸೆದ ಮನೆಗಳು ಲೆಕ್ಕವಿಲ್ಲದಷ್ಟು. ಖಾಲಿ ನಮೂನೆ ಮುದ್ರಿಸಿ ಹಳೆಯದೆಂದು ತೋರಿಸುವವರೂ ಇದ್ದಾರೆ. ಆದ್ದರಿಂದ ಕಾಗದ, ಶಾಯಿ, ಸೈನ್ಯದ ತುಕಡಿಯ ಹೆಸರು, ಆ ತುಕಡಿ ಆ ದಿನ ಎಲ್ಲಿತ್ತು ಎಂಬುದನ್ನೂ ಒರೆಗೆ ಹಚ್ಚಬೇಕು.

ಪೂರ್ವರಂಗದಲ್ಲಿ ಸೋವಿಯತ್ ಸೇನೆಯ ಕೈಸೇರಿದ ಪಿಸ್ತೂಲುಗಳದು ಇನ್ನೊಂದು ಬಗೆ. ಯುದ್ಧಾನಂತರ ಅವರ ಆಯುಧಾಗಾರಗಳು ಲ್ಯೂಗರ್, ಪಿ.38ಗಳನ್ನು ಬಿಚ್ಚಿ, ಎಲ್ಲಕ್ಕೂ ಒಂದೇ ಕಪ್ಪು ಬಣ್ಣ ಹಾಕಿ, ಕೈಗೆ ಸಿಕ್ಕ ಭಾಗ ಜೋಡಿಸಿ, ವಿದ್ಯುತ್ ಲೇಖನಿಯಿಂದ ಹೊಸ ಸಂಖ್ಯೆ ಬರೆದು ಗೋದಾಮಿಗೆ ಹಾಕಿದವು. ಹಲವುಗಳ ಮೇಲೆ ‘ಎಕ್ಸ್’ ಗುರುತಿದೆ. ದಶಕಗಳ ನಂತರ ಇವು ಅಮೆರಿಕಕ್ಕೆ ಬಂದಾಗ ಆಮದುದಾರರ ಹೆಸರೂ ಒತ್ತಲ್ಪಟ್ಟಿತು. ಆ ಗುರುತುಗಳನ್ನು ಅಳಿಸಿ ಕಾರ್ಖಾನೆಯಿಂದ ಬಂದಂತಿದೆ ಎಂದು ಮಾರುವುದು ಮೋಸ. ಗುರುತು ಉಳಿಸಿಕೊಂಡು, ಇದು ಸೋವಿಯತ್ ದುರಸ್ತಿಯದು ಎಂದು ಹೇಳಿದರೆ ಅದೂ ಚರಿತ್ರೆಯ ಪ್ರಾಮಾಣಿಕ ತುಣುಕು, ಬೆಲೆ ಕಡಿಮೆಯಷ್ಟೇ.

ನಾಜಿ ಚಿಹ್ನೆಯ ಮಾತು ಬಂದಾಗ ಇನ್ನೂ ಎಚ್ಚರ ಬೇಕು. ಆ ಚಿಹ್ನೆಗೆ ಪೇಟೆಯಲ್ಲಿ ಬೆಲೆ ಇರುವುದರಿಂದಲೇ ಸಾಮಾನ್ಯ ಪಿಸ್ತೂಲುಗಳ ಮೇಲೆ ನಕಲಿ ಚಿಹ್ನೆ ಕೆತ್ತುತ್ತಾರೆ. ಬೆಲೆ ಏರಿಸಲು ವ್ಯಾಪಾರಿಗಳು ಯುದ್ಧಾನಂತರ ಹೆಸರು ಕಟ್ಟುವುದೂ ಉಂಟು; ಕಪ್ಪು ಬೇಕಲೈಟ್ ಹಿಡಿಯ ಕೊನೆಯ ಲ್ಯೂಗರ್‌ಗಳಿಗೆ ಅಂಟಿದ ‘ಬ್ಲ್ಯಾಕ್ ವಿಡೋ’ ಎಂಬ ಹೆಸರು ಜರ್ಮನ್ ಸೇನೆಗೆ ಗೊತ್ತೇ ಇರಲಿಲ್ಲ.

ಸುರಕ್ಷತೆ ಮತ್ತು ಕಾನೂನು

ಎಂಬತ್ತು ವರ್ಷ ಹಳೆಯದಾದರೂ ಪಿಸ್ತೂಲು ಪಿಸ್ತೂಲೇ. ಮ್ಯಾಗಜಿನ್ ತೆಗೆದು, ಗುಂಡುಗೂಡು ತೆರೆದು, ಕಣ್ಣಿಂದ ನೋಡಿ ಖಾಲಿ ಎಂದು ಖಚಿತಪಡಿಸಿಕೊಳ್ಳದೆ ಒಂದು ಮುದ್ರೆಯನ್ನೂ ಓದಲು ಕೂರಬಾರದು. ಲ್ಯೂಗರ್‌ನ ಮೇಲ್ಭಾಗವನ್ನು ಫ್ರೇಮಿನಿಂದ ಬೇರ್ಪಡಿಸಿದ ಮೇಲೂ, ಒಳಗೆ ಗುಂಡಿದ್ದರೆ ಪಕ್ಕದ ಸಣ್ಣ ಪಟ್ಟಿ ಒತ್ತಿದಾಗ ಅದು ಹಾರಬಲ್ಲದು. ಜಪಾನಿನ ಟೈಪ್ 94 ಪಿಸ್ತೂಲಿನಲ್ಲಿ ಅಂಥ ಪಟ್ಟಿ ಹೊರಗೇ ಕಾಣುತ್ತದೆ. ಟ್ರಿಗರ್ ಮುಟ್ಟದೆಯೂ ಅದು ಗುಂಡು ಹಾರಿಸಬಲ್ಲದು.

ಒಂದೊಂದು ದೇಶದ ಕಾನೂನು ಒಂದೊಂದು ರೀತಿ. ಅಮೆರಿಕದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಆಯುಧಗಳ ಸಂಗ್ರಾಹಕರಿಗೆ ಪ್ರತ್ಯೇಕ ಪರವಾನಗಿಯಿದೆ. ಬ್ರಿಟನ್ 1997ರಲ್ಲಿ ಪಿಸ್ತೂಲುಗಳನ್ನು ಬಹುತೇಕ ನಿಷೇಧಿಸಿತು. ಚಾರಿತ್ರಿಕ ಮಹತ್ವದವುಗಳಿಗೆ ಬಿಗಿಯಾದ ಷರತ್ತಿನ ವಿನಾಯಿತಿ ಇಟ್ಟಿತು. ಜರ್ಮನಿಯಲ್ಲಿ ನಾಜಿ ಚಿಹ್ನೆಗಳ ಸಾರ್ವಜನಿಕ ಪ್ರದರ್ಶನ ಅಪರಾಧ, ಸಂಶೋಧನೆ, ಶಿಕ್ಷಣದಂಥ ಕೆಲವು ಉದ್ದೇಶಗಳಿಗೆ ಮಾತ್ರ ಅವಕಾಶ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದು ಅಪರಾಧ. 9 ಮಿ.ಮೀ. ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷೇಧಿತ ವರ್ಗದ್ದು. 2019ರ ತಿದ್ದುಪಡಿಯ ನಂತರ ಒಬ್ಬರು ಹೊಂದಬಹುದಾದ ಬಂದೂಕುಗಳ ಮಿತಿ ಎರಡು. ಸೇನೆಯಲ್ಲಿದ್ದ ಹಿರಿಯರ ಟ್ರಂಕಿನಲ್ಲಿ ಹಳೆಯ ಪಿಸ್ತೂಲು ಸಿಕ್ಕರೆ ಅದನ್ನು ಮುಚ್ಚಿಡಬಾರದು, ಮಾರಲೂ ಹೋಗಬಾರದು. ಕೂಡಲೇ ಪೊಲೀಸರಿಗೆ ತಿಳಿಸಿ ಕಾನೂನಿನ ದಾರಿ ಹಿಡಿಯಬೇಕು. ಕಣ್ಣಾರೆ ನೋಡುವ ಆಸೆಯಿದ್ದರೆ ವಸ್ತುಸಂಗ್ರಹಾಲಯಗಳಿವೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಿದ್ದು, ಅಲ್ಲಿ ಸೇನೆಯ ಆಯುಧಗಳನ್ನೂ ಇರಿಸಲಾಗಿದೆ.

ಸಂಗ್ರಾಹಕನ ಹೊಣೆ

ಕೊಲ್ಲಲೆಂದೇ ಮಾಡಿದ ವಸ್ತುವನ್ನು ಯಾಕೆ ಕಾಪಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಹ್ಯಾಂಬರ್ಗ್ ಬಳಿಯ ನ್ಯೂಯೆನ್‌ಗಾಮೆ ಯಾತನಾ ಶಿಬಿರದಲ್ಲಿ ವಾಲ್ಥರ್ ಕಂಪನಿ ಕೈದಿಗಳಿಂದ ಆಯುಧದ ಕೆಲಸ ಮಾಡಿಸಿತು. ಆ ಕಾರ್ಖಾನೆಯ ಕಟ್ಟಡ ಇಂದು ಸ್ಮಾರಕದ ಭಾಗ. ಪಿ.38ರ ಮೇಲಿನ ‘ಎಸಿ’ ಎಂಬ ಎರಡಕ್ಷರ ನೋಡುವಾಗ ಆ ಕಂಪನಿಯ ಇನ್ನೊಂದು ಗೋಡೆಯ ಹಿಂದೆ ದುಡಿದ ಕೈದಿಗಳು ನೆನಪಿಗೆ ಬರದಿದ್ದರೆ ನಮ್ಮ ಓದು ಅರ್ಧಕ್ಕೇ ನಿಂತಂತೆ. ಆಯುಧವನ್ನು ವೈಭವೀಕರಿಸುವವನೂ ಅದನ್ನು ಕರಗಿಸಿ ಮರೆಯಬೇಕೆನ್ನುವವನೂ ಕೊನೆಗೆ ಒಂದೇ ಸಾಕ್ಷ್ಯವನ್ನು ಕಳೆಯುತ್ತಾರೆ. ಹೆಸರು ಅಳಿದ ಸಿಮ್ಸನ್ ಕುಟುಂಬದ ಬಗ್ಗೆ, ಹದ್ದು ಕಳೆದುಕೊಂಡ ಕಾರ್ಖಾನೆಯ ಬಗ್ಗೆ, ಅಚ್ಚು ಮುರಿದರೂ ನಿಲ್ಲದ ಯುದ್ಧದ ಬಗ್ಗೆ ಪುಸ್ತಕ ಹೇಳುವುದನ್ನು ಈ ಉಕ್ಕು ಖಚಿತಪಡಿಸುತ್ತದೆ. ಕೆಲವೊಮ್ಮೆ ಪುಸ್ತಕವನ್ನೇ ತಿದ್ದುತ್ತದೆ.

ಆದ್ದರಿಂದ ಈ ಪಿಸ್ತೂಲುಗಳು ಯಾರ ವಶದಲ್ಲಿವೆಯೋ ಅವರ ಮೇಲೆ ಕೆಲವು ಕರ್ತವ್ಯಗಳಿವೆ. ತಿಕ್ಕಬೇಡಿ, ಬಣ್ಣ ಹಾಕಿಸಬೇಡಿ, ಕಳೆದ ಭಾಗದ ಜಾಗಕ್ಕೆ ಅಂಕಿ ಒತ್ತಿಸಿ ಹೊಂದಿಸಬೇಡಿ. ತುಕ್ಕು ಹಬ್ಬದಂತೆ ತೆಳುವಾಗಿ ಎಣ್ಣೆ ಸವರಿ. ಚರ್ಮದ ಚೀಲದೊಳಗೆ ಇಟ್ಟು ಮರೆಯಬೇಡಿ. ಚರ್ಮ ತೇವ ಹಿಡಿದು ಉಕ್ಕನ್ನು ತಿನ್ನುತ್ತದೆ. ಪ್ರತಿ ಮುದ್ರೆಯ ಚಿತ್ರ ತೆಗೆದು, ಯಾರಿಂದ ಬಂತು, ಯಾವ ಕಾಗದ ಜೊತೆಗಿತ್ತು ಎಂದು ಬರೆದು ಪಿಸ್ತೂಲಿನೊಂದಿಗೇ ಇಡಿ. ಹಾಗೆಯೇ ಮೌಲ್ಯಮಾಪನ ಮಾಡುವವರು ಹಾಳೆಯ ಕೆಳಗೆ ಬೆಲೆ ಬರೆಯುವ ಮೊದಲು, ಇದನ್ನು ಯಾರು ಯಾವ ಸ್ಥಿತಿಯಲ್ಲಿ ಮಾಡಿದರು, ಯಾರ ಕೈಗೆ ಹೋಯಿತು, ಆಮೇಲೆ ಏನೇನು ಬದಲಾಯಿತು ಎಂಬುದನ್ನು ತಿಳಿದಷ್ಟು ಬರೆಯಲಿ. ಬೆಲೆ ಪೇಟೆಗೆ ತಕ್ಕಂತೆ ಏರಿಳಿಯುತ್ತದೆ. ಆ ಮೂರು ಸಾಲು ಮಾತ್ರ ಮುಂದಿನ ಪೀಳಿಗೆಯ ಚರಿತ್ರಕಾರನಿಗೂ ಬೇಕಾಗುತ್ತದೆ.